ನೋಡಿದ ಮೇಲೆ ಬೇಡವೆನ್ನಿ

ಕೊಪ್ಪಳ ಬಸ್ ನಿಲ್ದಾಣದ ಹತ್ತಿರದ ಒಂದು ಚಹಾದಂಗಡಿಗೆ ಆ ದಿನ ನಾನು ಮುಕ್ಕಾಲು ಗಂಟೆ ಮೊದಲೇ ಹೋಗಿ ಕುಳಿತಿದ್ದೆ. ಅವಸರವೇನೂ ಇರಲಿಲ್ಲ. ಅವನು ಬರುವ ಹೊತ್ತಿಗೆ ನಾನು ಕುಳಿತಿರಬೇಕಿತ್ತು, ಅಷ್ಟೇ. ನಾನು ನಡೆದು ಬರುವುದನ್ನು ಅವನು ನೋಡಬಾರದಿತ್ತು. ಗೋಡೆಯ ಕಡೆಯ ಕುರ್ಚಿ ಆರಿಸಿಕೊಂಡು, ಎಡಗಾಲಿನ ಕ್ಯಾಲಿಪರನ್ನು ಮೇಜಿನ ಕೆಳಗೆ ಸರಿಸಿ, ಅದಕ್ಕೆ ಬ್ಯಾಗನ್ನು ಮರೆ ಮಾಡಿಕೊಂಡೆ.

ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ನಮ್ಮ ಎರಿ ಹೊಲಗಳ ನಡುವೆ ಈಚೆಗೆ ಎದ್ದು ನಿಂತಿರುವ ಗಾಳಿಯಂತ್ರಗಳ ಕೆಲಸಕ್ಕೆ ಬಂದ ಹುಡುಗ, ದಾವಣಗೆರೆ ಕಡೆಯವನು. ಡೇಟಿಂಗ್ ಆ್ಯಪ್ ಒಂದರಲ್ಲಿ ಮೂರು ವಾರ ಮಾತಾಡಿದ್ದೆವು. ಎದುರು ಕುಳಿತ ಮೇಲೂ ಮಾತು ಸೊರಗಲಿಲ್ಲ. ಅವನಿಗೆ ಹಳೆಯ ರಾಜ್‌ಕುಮಾರ್ ಹಾಡುಗಳ ಹುಚ್ಚು, ನನಗೂ. ಎರಡು ಸಲ ಚಹಾ ಆಯಿತು, ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಆಯಿತು. ಮಾತಿನ ನಡುವೆ ಅವನ ಬೆರಳು ನನ್ನ ಬೆರಳಿಗೆ ತಾಗಿ, ತೆಗೆಯಲು ಮರೆತಂತೆ ಅಲ್ಲೇ ಉಳಿದಿತ್ತು. "ನಡಿ, ಹೊರಗೆ ಹೋಗೋಣ" ಎಂದ. ನಾನು ಎದ್ದೆ. ಮೊಣಕಾಲಿನ ಹತ್ತಿರ ಕ್ಯಾಲಿಪರಿನ ಬೀಗ 'ಟಕ್' ಎಂದಿತು.

ಅವನ ಮುಖದಲ್ಲಿ ಅಸಹ್ಯ ಕಾಣಲಿಲ್ಲ. ಕಂಡಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಮುಖ ಮೆತ್ತಗಾಯಿತು. ಒಂದು ನಿಮಿಷದ ಹಿಂದೆ ನನ್ನನ್ನು ಗಂಡಸನ್ನು ನೋಡುವಂತೆ ನೋಡುತ್ತಿದ್ದವನು ಈಗ ಮಗುವನ್ನು ನೋಡುವಂತೆ ನೋಡತೊಡಗಿದ. "ಹೇಳಬೇಕಿತ್ತಲ್ಲೋ" ಎಂದ. ಚಹಾದ ದುಡ್ಡು ತಾನೇ ಕೊಟ್ಟ. ಬೇಡವೆಂದರೂ ಬಸ್ಸಿನ ತನಕ ಬಂದು, ರಟ್ಟೆ ಹಿಡಿದು ಹತ್ತಿಸಿ, "ಕಂಡಕ್ಟರೇ, ಇವರನ್ನ ಯಲಬುರ್ಗಾದಲ್ಲಿ ಸ್ವಲ್ಪ ನೋಡಿ ಇಳಿಸಿ" ಎಂದ. ಹತ್ತು ವರ್ಷದಿಂದ ಅದೇ ದಾರಿಯಲ್ಲಿ ಹತ್ತಿ ಇಳಿಯುತ್ತಿರುವವನು ನಾನು. ಕಂಡಕ್ಟರ್ ನನ್ನ ಪಾಸು ಕೇಳುವುದನ್ನೂ ಬಿಟ್ಟಿದ್ದಾನೆ. ಊರು ಮುಟ್ಟುವುದರೊಳಗೆ ಆ್ಯಪ್‌ನಲ್ಲಿ ಅವನ ಹೆಸರು ಕಾಣೆಯಾಗಿತ್ತು.

ಆ ನಲವತ್ತು ಕಿಲೋಮೀಟರ್ ಉದ್ದಕ್ಕೂ ಒಂದೇ ಪ್ರಶ್ನೆ. ಅವನು ಮಾಡಿದ ತಪ್ಪೇನು? ಯಾರೂ ಯಾರನ್ನೂ ಪ್ರೀತಿಸಲೇಬೇಕೆಂಬ ಸಾಲ ಇಟ್ಟುಕೊಂಡಿಲ್ಲ. ಬೇಡವೆನಿಸಿತು, ಹೋದ. ಹಾಗಿದ್ದರೆ ನನಗೆ ನೋವಾದದ್ದು ಯಾವುದರಿಂದ? ಬಹಳ ದಿನದ ಮೇಲೆ ತಿಳಿಯಿತು. ಅವನು ನನ್ನನ್ನು ಬೇಡವೆಂದಿರಲಿಲ್ಲ, ಕಂಡಕ್ಟರಿಗೆ ಒಪ್ಪಿಸಿದ್ದ. ಬೇಡವೆನ್ನಲು ಎದುರಿಗೆ ಒಬ್ಬ ಮನುಷ್ಯನಿರಬೇಕು. ಒಪ್ಪಿಸಲು ಒಂದು ಸಾಮಾನಿದ್ದರೆ ಸಾಕು.

ತಪ್ಪು ನನ್ನದೂ ಇತ್ತಲ್ಲವೇ ಎಂದು ನೀವು ಕೇಳಬಹುದು. ಮೊದಲೇ ಹೇಳಬೇಕಿತ್ತು. ಆ ಆ್ಯಪ್‌ನಲ್ಲಿ ಬಕ್ಕತಲೆ ಮುಚ್ಚಿಡುವವರಿದ್ದಾರೆ, ಹೆಂಡತಿ ಮತ್ತು ಎರಡು ಮಕ್ಕಳನ್ನು ಮುಚ್ಚಿಡುವವರಿದ್ದಾರೆ. ಆದರೆ ಅವರ ಸುಳ್ಳು ನನ್ನ ಸುಳ್ಳಿಗೆ ಉತ್ತರವಾಗುವುದಿಲ್ಲ. ನನಗೆ ಬೇಕಿದ್ದದ್ದು ಒಂದು ಗಂಟೆ. ಕಾಲು ಕಾಣುವ ಮೊದಲು ನಾನು ಕಾಣುವ ಒಂದು ಗಂಟೆ. ಆ ಗಂಟೆಯನ್ನು ಕೇಳಿ ಪಡೆಯುವ ಧೈರ್ಯವಿಲ್ಲದೆ ಕದ್ದಿದ್ದೆ.

ನನ್ನಂಥವನಿಗೆ ಎರಡು ಮುಚ್ಚುಮರೆಗಳು, ಒಂದಕ್ಕೊಂದು ತಿರುವುಮುರುವು. ಊರಿನಲ್ಲಿ ನನ್ನ ಕಾಲು ಫರ್ಲಾಂಗು ದೂರದಿಂದಲೇ ಕಾಣುತ್ತದೆ. ನಾನು ಗಂಡಸರನ್ನು ಬಯಸುವ ಗಂಡಸು ಎಂಬುದು ಪಕ್ಕದಲ್ಲಿ ಕುಳಿತವರಿಗೂ ಕಾಣುವುದಿಲ್ಲ. ಆ್ಯಪ್‌ನಲ್ಲಿ ಆ ಎರಡನೆಯದು ಎಲ್ಲರಿಗೂ ಗೊತ್ತು, ಕಾಲು ಯಾರಿಗೂ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಬಲ್ಲವರು ಯಾರೂ ಇಲ್ಲ. ಈ ಬರಹಕ್ಕೆ ಹೆಸರು ಹಾಕದಿರುವುದೂ ಅದಕ್ಕೇ. ನಮ್ಮವ್ವ ಇಂಥದ್ದನ್ನು ಓದುವುದಿಲ್ಲ, ಆದರೆ ಓದಿ ಹೇಳುವವರು ಓಣಿ ತುಂಬ ಇದ್ದಾರೆ.

ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ದಿನವಿಡೀ ಬೇರೆಯವರ ಅರ್ಜಿ ತುಂಬುತ್ತೇನೆ. ಪದಗಳನ್ನು ತೂಗಿ ನೋಡುವ ಚಟ ಅಲ್ಲಿಂದ ಬಂತು. ಸರ್ಕಾರದ ಕಾಗದದಲ್ಲಿ ನಾನು 'ವಿಕಲಚೇತನ'. ಕೆಲವು ವರ್ಷಗಳಿಂದ 'ದಿವ್ಯಾಂಗ' ಎಂಬುದೂ ಬಂದಿದೆ. ಪತ್ರಿಕೆಯ ಭಾಷೆಯಲ್ಲಿ ನಾನು 'ಸಲಿಂಗಕಾಮಿ'. ಈ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕಾಮವನ್ನು ಹೆಸರಿಗೇ ಕಟ್ಟಿದ್ದಾರೆ. ಪ್ರೀತಿ, ಜಗಳ, ಮುನಿಸು, ಜೋಳದ ರೊಟ್ಟಿ, ಸಂಬಳದ ಚಿಂತೆ ಯಾವುದೂ ಇಲ್ಲದ ಬರೀ ಕಾಮಿ. ಇನ್ನೊಂದರಲ್ಲಿ ಅಂಗವನ್ನು ದಿವ್ಯ ಮಾಡಿದ್ದಾರೆ. ದಿವ್ಯವಾದದ್ದಕ್ಕೆ ಯಾರೂ ಮುತ್ತು ಕೊಡುವುದಿಲ್ಲ, ಕೈ ಮುಗಿಯುತ್ತಾರೆ. ಒಂದು ಹೆಸರಿನ ಪ್ರಕಾರ ನನಗೆ ಬಯಕೆಯ ಹೊರತು ಬೇರೇನೂ ಇಲ್ಲ, ಇನ್ನೊಂದರ ಪ್ರಕಾರ ಬಯಕೆಯೇ ಇಲ್ಲ. ಇಬ್ಬರೂ ಒಬ್ಬನೇ ಆಗಿರಲು ಹೇಗೆ ಸಾಧ್ಯ?

'ವಿಕಲಚೇತನ' ಎಂಬ ಪದದ ಬಗ್ಗೆ ನನ್ನದೊಂದು ವೈಯಕ್ತಿಕ ತಕರಾರೂ ಇದೆ. ಪೋಲಿಯೋ ಬೆನ್ನುಹುರಿಯಲ್ಲಿ ಚಲನೆಯ ನರಕೋಶಗಳನ್ನು ಕೊಲ್ಲುತ್ತದೆ, ಸ್ಪರ್ಶವನ್ನು ಹಾಗೆಯೇ ಬಿಡುತ್ತದೆ. ನನ್ನ ಎಡಗಾಲು ನಡೆಯದು. ಆದರೆ ಅದಕ್ಕೆ ಬಿಸಿ ಗೊತ್ತು, ತಂಪು ಗೊತ್ತು, ಇರುವೆ ಹರಿದರೂ ಗೊತ್ತು. ಚೇತನಕ್ಕೆ ಏನೂ ಆಗಿಲ್ಲ. ನಾನು ಕೂಸಾಗಿದ್ದಾಗ ಅಪ್ಪ ಅವ್ವ ಗೋವಾಕ್ಕೆ ಗುಳೆ ಹೋಗಿದ್ದರು. ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲೇ ಶುರುವಾಗಿತ್ತು. ಹನಿ ಹಾಕುವವರು ಊರಿಗೆ ಬಂದಾಗ ನಾವು ಅಲ್ಲಿ, ಅಲ್ಲಿಗೆ ಬಂದಾಗ ನಾವು ಇಲ್ಲಿ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರಲ್ಲಿ ಪೋಲಿಯೋಮುಕ್ತವೆಂಬ ಪ್ರಮಾಣಪತ್ರವೂ ಸಿಕ್ಕಿತು. ಇಂಥ ಕಾಲಿನವರಲ್ಲಿ ನಾವೇ ಕೊನೆಯ ತಲೆಮಾರು. ಒಳ್ಳೆಯದೇ ಆಯಿತು. ಆದರೆ ಕೊನೆಯವರೂ ಇನ್ನೂ ನಲವತ್ತು ವರ್ಷ ಬದುಕಬೇಕು, ರಾತ್ರಿ ಯಾರದಾದರೂ ಪಕ್ಕ ಮಲಗಬೇಕು.

ನಮ್ಮ ಸೀಮೆ ನನ್ನಂಥವರಿಗೆ ಜಾಗವೇ ಕೊಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಪಕ್ಕದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಎಷ್ಟೋ ಅಂಧ ಮಕ್ಕಳಿಗೆ ಅನ್ನ ಕೊಟ್ಟು ಸಂಗೀತ ಕಲಿಸಿದರು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದಾಗ ನಮ್ಮ ಓಣಿಯಲ್ಲಿ ಒಲೆ ಹಚ್ಚದ ಮನೆಗಳಿದ್ದವು. ಇತ್ತ ಮುನಿರಾಬಾದಿನ ಹತ್ತಿರ ಹುಲಿಗಿಯಲ್ಲಿ ಹುಲಿಗೆಮ್ಮನಿದ್ದಾಳೆ. ಗಂಡಾಗಿ ಹುಟ್ಟಿ ಗಂಡಾಗಿ ಬಾಳಲಾಗದವರು ಅಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗಪ್ಪರಾಗುತ್ತಾರೆ. ಮನೆಯಿಂದ ಹೊರಬಿದ್ದವರಿಗೆ ದೇವಿಯ ಹೆಸರು ಒಂದು ಸೂರು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾನು ಅಂಗಡಿಯಲ್ಲಿ ಒಬ್ಬನೇ ಕುಳಿತು ಕಣ್ಣೊರೆಸಿಕೊಂಡಿದ್ದೆ.

ಎರಡೂ ದೊಡ್ಡ ಜಾಗಗಳು. ನಾನು ಎರಡಕ್ಕೂ ಕೈ ಮುಗಿಯುತ್ತೇನೆ. ಆದರೆ ನನಗೆ ಸಂಗೀತ ಬರುವುದಿಲ್ಲ, ದೇವಿಯ ಕರೆಯೂ ಬಂದಿಲ್ಲ. ಜೋಗಪ್ಪನ ಹಾದಿ ತನ್ನೊಳಗೆ ಹೆಣ್ತನ ಕಂಡವರದು. ನಾನು ಗಂಡಸು, ಗಂಡಸನ್ನೇ ಬಯಸುವ ಗಂಡಸು. ಮೈ ಬೇರೆಯಾದವನು ವಿರಕ್ತನಾದರೆ, ಮನಸ್ಸು ಬೇರೆಯಾದವನು ದೇವರಿಗೆ ಒಪ್ಪಿಸಿಕೊಂಡರೆ ನಮ್ಮ ಜನ ಕಾಲಿಗೆ ಬೀಳುತ್ತಾರೆ. ಪಕ್ಕದ ಮನೆಯಲ್ಲಿ ಒಬ್ಬನ ಜೊತೆ ಸಂಸಾರ ಮಾಡಿಕೊಂಡು, ಸಂಜೆ ಕಾಯಿಪಲ್ಲೆ ತರುತ್ತ ಇದ್ದರೆ ಏನು ಮಾಡುತ್ತಾರೆ? ಅದು ಇನ್ನೂ ಯಾರೂ ನೋಡದ ಚಿತ್ರ.

ಸರ್ಕಾರ ನನ್ನ ಸಂಸಾರದ ಬಗ್ಗೆ ಯೋಚಿಸಿದೆ, ಅದರದೇ ರೀತಿಯಲ್ಲಿ. ಅಂಗವೈಕಲ್ಯವಿಲ್ಲದವರು ಅಂಗವಿಕಲರನ್ನು ಮದುವೆಯಾದರೆ ನಮ್ಮ ರಾಜ್ಯದಲ್ಲಿ 50,000 ರೂಪಾಯಿ ಪ್ರೋತ್ಸಾಹಧನದ ಯೋಜನೆಯಿದೆ. ಆ ಅರ್ಜಿಗಳನ್ನೂ ನಾನೇ ತುಂಬುತ್ತೇನೆ. ಹೊಸ ಸಂಸಾರಕ್ಕೆ ಆ ಹಣ ಎಷ್ಟು ದೊಡ್ಡದೆಂದು ಬಲ್ಲೆ, ಯೋಜನೆ ಬೇಡವೆನ್ನಲಾರೆ. ಆದರೆ ಗಂಡ ಹೆಂಡತಿಯ ಜೋಡಿ ಫೋಟೋ ಸ್ಕ್ಯಾನ್ ಮಾಡುವಾಗ ಪ್ರತಿ ಸಲವೂ ಒಂದು ಮಾತು ಚುಚ್ಚುತ್ತದೆ. ಪ್ರೋತ್ಸಾಹ ಯಾವುದಕ್ಕೆ ಕೊಡುತ್ತಾರೆ? ತಾನಾಗಿಯೇ ನಡೆಯದ ಕೆಲಸಕ್ಕೆ. ನಮ್ಮವ್ವನಿಗಂತೂ ಈ ಯೋಜನೆ ದೊಡ್ಡ ಆಸರೆ. "ಸರ್ಕಾರ ಐವತ್ತು ಸಾವಿರ ಕೊಡ್ತೈತಂತ, ಬಡವರ ಮನ್ಯಾಗ ಯಾರರ ಹೆಣ್ಣು ಕೊಟ್ಟಾರು" ಅನ್ನುತ್ತಾಳೆ. ನಾನು ಒಲ್ಲೆನೆಂದರೆ, ಕಾಲಿನ ಕೀಳರಿಮೆಯಿಂದ ಹಾಗನ್ನುತ್ತಾನೆ ಎಂದುಕೊಂಡು ಸೆರಗು ಬಾಯಿಗಿಡುತ್ತಾಳೆ. ನನ್ನ ಒಂದು ಗುಟ್ಟಿಗೆ ಇನ್ನೊಂದು ಊನ ಮರೆಯಾಗಿ ನಿಂತಿದೆ. ಹೀಗೆ ಬಚಾವಾಗುವುದು ಅವಳಿಗೆ ಮಾಡುವ ಅನ್ಯಾಯ. ಗೊತ್ತಿದ್ದೂ ಮಾಡುತ್ತಿದ್ದೇನೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ಬಿಗಿಯಿಂದ ನಮ್ಮನ್ನು ಬಿಡಿಸಿತು. ಅದಕ್ಕೂ ಒಂದು ವರ್ಷ ಮೊದಲು ಖಾಸಗಿತನವೂ ಮೂಲಭೂತ ಹಕ್ಕು ಎಂಬ ತೀರ್ಪು ಬಂದಿತ್ತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರ ಅಕ್ಟೋಬರ್ 17ರಂದು ಅದೇ ಸುಪ್ರೀಂ ಕೋರ್ಟ್, ಮದುವೆ ಮೂಲಭೂತ ಹಕ್ಕಲ್ಲ, ಸಲಿಂಗಿಗಳ ಮದುವೆಗೆ ಕಾನೂನು ಮಾಡುವುದು ಶಾಸನಸಭೆಯ ಕೆಲಸ ಎಂದಿತು. ಹಾಗಾಗಿ ನನ್ನ ಲೆಕ್ಕ ಹೀಗಿದೆ: ಬೇಡದ ಮದುವೆಗೆ 50,000 ರೂಪಾಯಿ ಪ್ರೋತ್ಸಾಹ, ಬೇಕಾದ ಮದುವೆಗೆ ಅರ್ಜಿ ನಮೂನೆಯೇ ಇಲ್ಲ.

ಕಾನೂನು ಒಂದು ದಿನ ಬದಲಾದೀತು. ಆದರೆ ಕೊಪ್ಪಳದ ಹುಡುಗನ ಮುಖ ಮೆತ್ತಗಾದದ್ದು ಯಾವ ಕಲಮಿನಿಂದಲೂ ಅಲ್ಲ. ಅದು ಎಲ್ಲಿಂದ ಬಂತೆಂದು ಹುಡುಕುವಾಗ ನನಗೆ ನೆನಪಾಗುವುದು ಎಂ.ಎ. ತರಗತಿಯ ಒಂದು ಮಧ್ಯಾಹ್ನ. ಜನ್ನನ 'ಯಶೋಧರ ಚರಿತೆ'ಯ ಪಾಠ. 1209ರ ಕಾವ್ಯ, ನೀವೂ ಓದಿರುತ್ತೀರಿ. ರಾತ್ರಿಯ ಹೊತ್ತು ಅರಮನೆಯಲ್ಲಿ ರಾಣಿ ಅಮೃತಮತಿಗೆ ಒಂದು ಹಾಡು ಕೇಳಿಸುತ್ತದೆ, ಮನಸ್ಸು ಸೋಲುತ್ತದೆ. ಹಾಡಿದವನನ್ನು ನೋಡಿ ಬರಲು ಸಖಿಯನ್ನು ಕಳಿಸುತ್ತಾಳೆ. ಅವನು ಮಾವುತ ಅಷ್ಟಾವಂಕ, ಮೈಯೆಲ್ಲ ವಿಕಾರ. ಸಖಿ ಹೇಸಿಕೊಂಡು ಬರುತ್ತಾಳೆ. ರಾಣಿ ಮಾತ್ರ ಮನಸ್ಸು ಬದಲಿಸುವುದಿಲ್ಲ. ಅವನ ರೂಪದ ವರ್ಣನೆ ಬಂದಾಗ ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ನಾನೂ ನಕ್ಕೆ. ನಗದಿದ್ದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು.

ಆ ಕಾವ್ಯದ ಎತ್ತರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡದಲ್ಲಿ ಊನದ ಮೈಯೊಂದು ತೀವ್ರವಾಗಿ ಬಯಸಲ್ಪಟ್ಟ ಅತಿ ಪ್ರಸಿದ್ಧ ಪ್ರಸಂಗ ಅದು. ಅಲ್ಲಿ ಆ ಬಯಕೆಯೇ ಮನಸ್ಸು ಕೆಟ್ಟದ್ದಕ್ಕೆ ಸಾಕ್ಷಿ. ಇಂಥವನನ್ನೂ ಬಯಸಿದಳಲ್ಲ, ಕಾಮ ಎಷ್ಟು ಕುರುಡು ನೋಡಿ ಎನ್ನುವುದಕ್ಕೆ ಅವನ ಮೈ ಬಂದಿದೆ. ಮಹಾಭಾರತದ ಅಷ್ಟಾವಕ್ರನ ಕತೆಯನ್ನೇ ನೋಡಿ. ಜನಕನ ಸಭೆಯಲ್ಲಿ ಅವನು ವಾದಿಸಿ ಗೆದ್ದದ್ದನ್ನು ಮಕ್ಕಳಿಗೂ ಹೇಳುತ್ತೇವೆ. ವದಾನ್ಯ ಋಷಿಯ ಮಗಳು ಸುಪ್ರಭೆಯನ್ನು ಅವನು ಮೆಚ್ಚಿದ, ಅವಳಿಗಾಗಿ ಉತ್ತರ ದಿಕ್ಕಿನ ತನಕ ಹೋಗಿ ಪರೀಕ್ಷೆ ಗೆದ್ದು ಬಂದು ಮದುವೆಯಾದ ಎಂಬ ಕತೆ ಅನುಶಾಸನ ಪರ್ವದಲ್ಲೇ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಊನವಿದ್ದವನು ಜ್ಞಾನಿಯಾಗಿದ್ದರೆ ನಮಗೆ ನೆನಪಿರುತ್ತದೆ, ಪ್ರೇಮಿಯಾಗಿದ್ದರೆ ಮರೆತುಹೋಗುತ್ತದೆ. ಸಂಡೂರಿನ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ನಾನು ಅದಕ್ಕೆ ಪೇಪರಿನ ರಟ್ಟು ಹಾಕಿ ಬಸ್ಸಿನಲ್ಲಿ ಓದಿದೆ. ಅರ್ಧ ನಾನು ಅದರಲ್ಲಿ ಸಿಕ್ಕಿದೆ. ಉಳಿದರ್ಧವನ್ನು ಇನ್ನೂ ಹುಡುಕುತ್ತಿದ್ದೇನೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಾನು ಬರೀ ಅನ್ಯಾಯಕ್ಕೊಳಗಾದವನಂತೆ ಕಾಣುತ್ತೇನೆ. ಅಲ್ಲ. ಹೋದ ವರ್ಷ ಗಂಗಾವತಿ ಕಡೆಯ ಒಬ್ಬನು ಆ್ಯಪ್‌ನಲ್ಲಿ ಮೆಸೇಜು ಮಾಡಿದ. ಚಂದ ಬರೆಯುತ್ತಿದ್ದ. ನಾನು ಕಳಿಸುತ್ತಿದ್ದ ತಮಾಷೆಗೆ ಇನ್ನೂ ಒಳ್ಳೆಯ ತಮಾಷೆಯಿಂದ ಉತ್ತರ ಕೊಡುತ್ತಿದ್ದ. ನಾಲ್ಕನೆಯ ದಿನ, ನಾನು ಕೇಳದಿದ್ದರೂ, ತನ್ನ ಫೋಟೋ ಕಳಿಸಿದ. ಮುಖದ ಒಂದು ಪಕ್ಕ, ಕಿವಿಯಿಂದ ಗದ್ದದ ತನಕ, ಸುಟ್ಟ ಗಾಯದ ಕಲೆ. "ಮೊದಲೇ ಹೇಳಿಬಿಡೋದು ಚಲೋ ಅಲ್ಲೇನ್ರಿ" ಎಂದು ಬರೆದಿದ್ದ. ನಾನು ಮಾಡಲಾಗದ ಕೆಲಸವನ್ನು ಅವನು ಮಾಡಿದ್ದ. ನಾನು ಅರ್ಧ ಗಂಟೆ ಮೊಬೈಲನ್ನು ಬೋರಲು ಹಾಕಿಟ್ಟೆ. ಆಮೇಲೆ ಬರೆದೆ: "ಅಂಗಡಿ ಕೆಲಸ ಜಾಸ್ತಿ ಐತ್ರಿ, ಸ್ವಲ್ಪ ಬ್ಯುಸಿ." ಮತ್ತೆ ಮಾತಾಡಲಿಲ್ಲ.

ಅವತ್ತು ನನಗೆ ನಾನೇ ಹೇಳಿಕೊಂಡ ಸಮಾಧಾನ ಏನು ಗೊತ್ತೇ? ಇದು ನನ್ನ ಅಭಿರುಚಿ, ಮನಸ್ಸಿಗೆ ಬರದಿದ್ದರೆ ಏನು ಮಾಡಲಿ? ಕೊಪ್ಪಳದ ಹುಡುಗನೂ ಬಸ್ಸಿನಿಂದ ಇಳಿದು ಹೋಗುವಾಗ ಇದನ್ನೇ ಹೇಳಿಕೊಂಡಿರಬೇಕು.

'ಮನಸ್ಸಿಗೆ ಬರೋದಿಲ್ಲ' ಎಂಬ ಮಾತು ನಮ್ಮೂರಿಗೆ ಹೊಸದಲ್ಲ. ಕೆಲವರ ಮನೆಯ ನೀರು ಕುಡಿಯದವರು ಅದನ್ನೇ ಹೇಳುತ್ತಿದ್ದರು, ಈಗಲೂ ಹೇಳುವವರಿದ್ದಾರೆ. ಅವರ ಹೊಟ್ಟೆ ತೊಳಸುವುದೂ ಸುಳ್ಳಲ್ಲ. ಕಲಿಸಿದ ಅಸಹ್ಯವೂ ನಿಜವಾದ ಅಸಹ್ಯದಂತೆಯೇ ಹೊಟ್ಟೆಯಲ್ಲಿ ಹುಟ್ಟುತ್ತದೆ. ಮೈ ಹೇಳುತ್ತದೆ ಎಂದ ಮಾತ್ರಕ್ಕೆ ಅದು ಮೈಯದೇ ಮಾತಲ್ಲ, ಯಾರೋ ಬಹಳ ಹಿಂದೆ ಮೈಗೆ ಹೇಳಿಕೊಟ್ಟದ್ದೂ ಇರಬಹುದು. ಆದರೆ ಈ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ನೀರು ಕುಡಿ ಎಂದು ಒಬ್ಬರಿಗೆ ಹೇಳಬಹುದು. ಪ್ರೀತಿಸು ಎಂದು ಹೇಳಲಾಗದು. ಆಕ್ಸ್‌ಫರ್ಡ್‌ನ ತತ್ವಶಾಸ್ತ್ರಜ್ಞೆ ಅಮಿಯಾ ಶ್ರೀನಿವಾಸನ್ 2018ರಲ್ಲಿ ಬರೆದ ಒಂದು ಪ್ರಬಂಧ ಇದೇ ಗಂಟಿನ ಸುತ್ತ ತಿರುಗುತ್ತದೆ. ಇನ್ನೊಬ್ಬರ ಮೈಯ ಮೇಲೆ ಯಾರಿಗೂ ಹಕ್ಕಿಲ್ಲ. ಹಾಗೆಂದು ನಮ್ಮ ಬಯಕೆಗಳು ಸಮಾಜದ ಏರುಪೇರಿನಿಂದ ಹೊರಗೆ ಹುಟ್ಟಿದವೂ ಅಲ್ಲ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದು ಬದುಕುವುದು ಹೇಗೆ?

ನನಗೆ ತೋಚಿದ್ದು ಇಷ್ಟು. ಪ್ರೀತಿ ಯಾರೂ ಯಾರಿಗೂ ಕೊಡಬೇಕಾದ ಬಾಕಿಯಲ್ಲ. ಆದರೆ ಒಂದು ನೋಟ ಬಾಕಿಯಿದೆ. ಕಾಲನ್ನೋ ಕಲೆಯನ್ನೋ ಕಂಡ ಕೂಡಲೇ ಕಣ್ಣು ಮುಚ್ಚಿಕೊಂಡು, ಒಳಗೆ ಮೊದಲೇ ಬರೆದಿಟ್ಟ ಉತ್ತರವನ್ನು ಓದುವುದು ನಿರಾಕರಣೆಯಲ್ಲ, ಗೈರುಹಾಜರಿ. ಮನುಷ್ಯನನ್ನು ಪೂರ್ತಿ ನೋಡಿ, ಅವನ ಮಾತು ಕೇಳಿ, ಅವನ ಕೆಟ್ಟ ಗುಣ ಕಂಡು, ಆಮೇಲೆ ಬೇಡವೆನ್ನಿ. ಉಳಿದವರನ್ನು ಬೇಡವೆನ್ನುವ ಕಾರಣಗಳಿಗೇ ನನ್ನನ್ನೂ ಬೇಡವೆನ್ನಿ. ಕನಿಕರದಿಂದ ಹೇಳುವ 'ಹೂಂ' ಕೂಡ ನನಗೆ ಬೇಡ. ಅದೂ ಕಾಲಿಗೇ ಹೇಳಿದ ಮಾತು.

ಆ ಮೇಲೆ ಆ್ಯಪ್‌ನಲ್ಲಿ ನನ್ನ ಪರಿಚಯದ ಸಾಲು ಬದಲಿಸಿದೆ. "ಎಡಗಾಲು ಪೋಲಿಯೋ, ಕ್ಯಾಲಿಪರ್ ಹಾಕ್ತೀನಿ. ರೊಟ್ಟಿ ಚಲೋ ಬಡೀತೀನಿ. ಹಳೇ ಹಾಡು ಇಷ್ಟ." ಬರುತ್ತಿದ್ದ ಮೆಸೇಜುಗಳು ಕಾಲು ಭಾಗಕ್ಕೆ ಇಳಿದವು. ನನ್ನ ಬಸ್ ಪಾಸು ಮನೆಯಿಂದ 100 ಕಿಲೋಮೀಟರಿನ ತನಕ ನಡೆಯುತ್ತದೆ. ಗದಗ ಅದರೊಳಗೆ, ಹುಬ್ಬಳ್ಳಿ ಹೊರಗೆ. ಬರೆದವನು ಹುಬ್ಬಳ್ಳಿಯವನು. 2025ರ ಮೇ ತಿಂಗಳಿನಿಂದ ಕುಷ್ಟಗಿ–ಹುಬ್ಬಳ್ಳಿ ರೈಲು ಓಡುತ್ತಿದೆ, ಅದನ್ನು ಹಿಡಿದು ಹೋದೆ. ಉಣಕಲ್ ಕೆರೆಯ ದಂಡೆಯಲ್ಲಿ ನಡೆದೆವು. ಅವನು ನನಗಾಗಿ ನಿಧಾನವಾಗಿ ನಡೆಯಲಿಲ್ಲ. "ಜೋರು ನಡೀತೀನಿ, ಸಾಕಾದ್ರ ಹೇಳು" ಎಂದ. ಹೇಳಿದೆ. ಕುಳಿತೆವು. ಎರಡು ತಾಸು ಮಾತಾಡಿದೆವು.

ಹೊರಡುವಾಗ ಅವನು ನನ್ನ ಕಣ್ಣು ನೋಡಿ ಹೇಳಿದ: "ಸಿಟ್ಟಾಗಬ್ಯಾಡ. ನಿಂದು ಮಾತು ಭಾಳ. ಎರಡು ತಾಸಿನ್ಯಾಗ ನಂಗ ಒಂದ್ ಮಾತು ಪೂರಾ ಆಡಾಕ ಬಿಡಲಿಲ್ಲ. ನಮಗಿಬ್ಬರಿಗೂ ಆಗಿಬರಾಂಗಿಲ್ಲ."

ಮರಳುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ನಗುತ್ತಿದ್ದೆ. ಎದುರಿನ ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ನನಗೆ ಬೇಸರವೂ ಇತ್ತು, ಅವನು ನನಗೆ ಬಹಳ ಹಿಡಿಸಿದ್ದ. ಆದರೆ ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು, ನನ್ನನ್ನೇ, ಬೇಡವೆಂದಿದ್ದರು. ನನ್ನ ಬಾಯಿಯ ದೆಸೆಯಿಂದ. ನಮ್ಮವ್ವನೂ ಅದನ್ನೇ ಬೈಯುತ್ತಾಳೆ.

ಅದೇ ರಾತ್ರಿ ಗಂಗಾವತಿಯವನನ್ನು ಹುಡುಕಿ ತೆಗೆದು ಬರೆದೆ. ಅವತ್ತು ಕೆಲಸ ಇದ್ದದ್ದು ಸುಳ್ಳು, ನಿಮ್ಮ ಫೋಟೋ ನೋಡಿ ಹೆದರಿದೆ, ನನಗೂ ಪೋಲಿಯೋ ಇದೆ, ಹಾಗಿದ್ದೂ ಹೀಗೆ ಮಾಡಿದೆ, ಕ್ಷಮೆ ಇರಲಿ ಎಂದೆಲ್ಲ ಉದ್ದಕ್ಕೆ ಬರೆದೆ. ಕಳಿಸುವ ಮೊದಲು ಮೂರು ಸಲ ತಿದ್ದಿದೆ. ಎರಡು ದಿನದ ಮೇಲೆ ಉತ್ತರ ಬಂತು.

"ಬ್ಯುಸಿ ಅಂದವರು ಭಾಳ ಮಂದಿ ಅದಾರ್ರಿ. ನೀವು ಯಾರಂತ ನೆನಪಾಗವಲ್ದು."